ದೂರು ಕೊಡುವುದೂ ಧರ್ಮ, ದೂರು ಕೇಳುವುದೂ ಧರ್ಮ

ಆದಿ ಧರ್ಮಸಭೆಯ ಕುಟುಂಬದೊಳಗೆ ಎದ್ದು, ಬರಹದಲ್ಲಿ ದಾಖಲಾಗಿ ಉಳಿದ ಮೊದಲ ದೂರು ಅನ್ನಕ್ಕೆ ಸಂಬಂಧಿಸಿದ್ದು. ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯವನ್ನು ಓದಿದವರಿಗೆ ಈ ಪ್ರಸಂಗ ಹೊಸದಲ್ಲ. ಜೆರುಸಲೇಮಿನಲ್ಲಿ ಶಿಷ್ಯರ ಸಂಖ್ಯೆ ದಿನೇ ದಿನೇ ವೃದ್ಧಿಯಾಗುತ್ತಿದ್ದ ಕಾಲವದು. ಪ್ರತಿದಿನದ ಆಹಾರ ವಿತರಣೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷೆಯನ್ನಾಡುವ ವಿಶ್ವಾಸಿಗಳು ಸ್ಥಳೀಯ ವಿಶ್ವಾಸಿಗಳ ಮೇಲೆ ಆಕ್ಷೇಪವೆತ್ತಿದರು.

ಪ್ರೇಷಿತರು ಆಗ ನಡೆದುಕೊಂಡ ರೀತಿ ಗಮನಾರ್ಹವಾದುದು. ಆಕ್ಷೇಪಿಸಿದವರನ್ನು ಅವರು ವಿಶ್ವಾಸಹೀನರೆಂದು ಜರೆಯಲಿಲ್ಲ. ಹೊರಗಿನವರ ಎದುರು ಮಾನ ಹೋಗುತ್ತದೆಂದು ಬಾಯಿ ಮುಚ್ಚಿಸಲೂ ಇಲ್ಲ. ಶಿಷ್ಯರೆಲ್ಲರ ಸಭೆ ಕರೆದು, ಸತ್ಕೀರ್ತಿಯುಳ್ಳ ಏಳು ಮಂದಿಯನ್ನು ಆರಿಸಲು ಹೇಳಿ, ವಿತರಣೆಯ ಹೊಣೆಯನ್ನು ಅವರಿಗೆ ಒಪ್ಪಿಸಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಅನ್ಯಾಯವಾಗಿದೆ ಎಂದವರ ಕಡೆಯವರ ಕೈಗೇ ಸೌಟು ಬಂದಂತಾಯಿತು. ಆ ಏಳರಲ್ಲಿ ಮೊದಲ ಹೆಸರು ನಮ್ಮ ಪ್ರಥಮ ರಕ್ತಸಾಕ್ಷಿ ಸಂತ ಸ್ತೇಫನರದು. ಧರ್ಮಸಭೆಯ ಸೇವಾವ್ಯವಸ್ಥೆಯ ಒಂದು ಬೇರು ಹೀಗೆ ಒಂದು ದೂರಿನಲ್ಲಿದೆ.

ಈ ಪ್ರಸಂಗವನ್ನು ಇಂದು ನೆನೆಯಲು ಕಾರಣವಿದೆ. ನಮ್ಮ ಮಕ್ಕಳು ಕಲಿಯುವ ಶಾಲೆಗಳಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಕಾರ್ಯಕ್ರಮಗಳು ಒಂದೆರಡಲ್ಲ. ಮಧ್ಯಾಹ್ನದ ಬಿಸಿಯೂಟ, ಹಾಲು, ಉಚಿತ ಪಠ್ಯಪುಸ್ತಕ, ಸಮವಸ್ತ್ರ, ವಿದ್ಯಾರ್ಥಿವೇತನ, ಅನುದಾನಿತ ಶಾಲೆಗಳ ಶಿಕ್ಷಕರ ವೇತನ, ಇವೆಲ್ಲವೂ ಜನರ ತೆರಿಗೆಯ ಹಣದಿಂದ ಬರುವಂಥವು. ಇವುಗಳಲ್ಲಿ ಲೋಪ ಕಂಡಾಗ ಏನು ಮಾಡಬೇಕು? ಲೋಪ ಮಾಡಿದ್ದೀರಿ ಎಂದು ಯಾರಾದರೂ ಬರೆದುಕೊಟ್ಟಾಗ ಹೇಗೆ ವರ್ತಿಸಬೇಕು? ಈ ಎರಡೂ ಪ್ರಶ್ನೆಗಳು ನಮ್ಮವೇ. ಏಕೆಂದರೆ ಕಥೋಲಿಕ ಸಮುದಾಯವಾಗಿ ನಾವು ಮೇಜಿನ ಎರಡೂ ಬದಿಗಳಲ್ಲಿ ಕುಳಿತಿದ್ದೇವೆ. ಮಕ್ಕಳ ಹೆತ್ತವರೂ ನಾವೇ, ಅನೇಕ ಅನುದಾನಿತ ಶಾಲೆಗಳ ಸಂಚಾಲಕರೂ ನಮ್ಮವರೇ.

ಅನುದಾನವೆಂದರೆ ದಾನವಲ್ಲ

ಸರ್ಕಾರ ಕೊಡುವುದನ್ನು ದಾನವೆಂದು ಭಾವಿಸುವವರೇ ನಮ್ಮಲ್ಲಿ ಹೆಚ್ಚು. ಪುಕ್ಕಟೆ ಸಿಕ್ಕಿದ್ದಕ್ಕೆ ಕೊಂಕು ತೆಗೆಯಬಾರದೆಂಬ ಸಂಕೋಚ ಅಲ್ಲಿಂದಲೇ ಹುಟ್ಟುತ್ತದೆ. ಆದರೆ ಬಿಸಿಯೂಟ ಯಾರೊಬ್ಬರ ಔದಾರ್ಯದಿಂದ ಬಂದುದಲ್ಲ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವು ಬಳಿಕ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲೂ ಸೇರಿತು. ಅದೇ ವರ್ಷದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಎಂಟನೇ ತರಗತಿಯವರೆಗಿನ ಮಗುವಿನ ಮಧ್ಯಾಹ್ನದ ಊಟವನ್ನು ಶಾಸನಬದ್ಧ ಹಕ್ಕನ್ನಾಗಿ ಮಾಡಿತು. ಕಿರಿಯ ಪ್ರಾಥಮಿಕದ ಮಗುವಿನ ತಟ್ಟೆಯಲ್ಲಿ 450 ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕದ ಮಗುವಿನ ತಟ್ಟೆಯಲ್ಲಿ 700 ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನ್ ಇರಬೇಕೆಂಬುದು ಕಾನೂನಿನ ಅಳತೆ. ಅಳತೆ ಇರುವಲ್ಲಿ ಲೆಕ್ಕ ಕೇಳುವ ಅಧಿಕಾರವೂ ಇರುತ್ತದೆ.

ಧರ್ಮಸಭೆಯ ಬೋಧನೆಯೂ ಇದಕ್ಕೆ ಹೊರತಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯು ಮಕ್ಕಳ ಶಿಕ್ಷಣದ ಮೊದಲ ಹೊಣೆ ಹೆತ್ತವರದೆಂದು ಸಾರಿತು. ಸಾರ್ವಜನಿಕ ನೆರವನ್ನು ಹಂಚುವುದು ನ್ಯಾಯದ ವಿಷಯವೇ ಹೊರತು ಕೃಪೆಯ ವಿಷಯವಲ್ಲವೆಂಬುದು ಅದರ ನಿಲುವು. 1983ರ ಧರ್ಮಸಭಾ ಕಾನೂನು ಸಂಹಿತೆಯ 796ನೇ ವಿಧಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಿಕ್ಷಕರು ಹೆತ್ತವರ ಮಾತನ್ನು ಮನಃಪೂರ್ವಕವಾಗಿ ಆಲಿಸಬೇಕು, ಹೆತ್ತವರ ಸಂಘಗಳನ್ನೂ ಸಭೆಗಳನ್ನೂ ಏರ್ಪಡಿಸಿ ಅವಕ್ಕೆ ಗೌರವದ ಸ್ಥಾನ ನೀಡಬೇಕು ಎಂದು ವಿಧಿಸುತ್ತದೆ. ಹೆತ್ತವರ ದೂರನ್ನು ಕೇಳುವುದು ಕಥೋಲಿಕ ಶಾಲೆಗೆ ಐಚ್ಛಿಕವಲ್ಲವೆಂಬುದು ಇದರಿಂದ ಸ್ಪಷ್ಟ.

ಜುಲೈ 16ರ ಎರಡು ಪಾಠಗಳು

ಜುಲೈ 16 ನಮಗೆ ಕಾರ್ಮೆಲ್ ಮಾತೆಯ ಹಬ್ಬ. ಈ ದೇಶದ ಶಾಲೆಗಳ ಚರಿತ್ರೆಯಲ್ಲಿ ಅದೇ ತಾರೀಕು ಎರಡು ಸಲ ಶೋಕದ ದಿನವಾಯಿತು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಮಧ್ಯಾಹ್ನದೂಟದ ಅಡುಗೆ ಕೋಣೆಯಿಂದ ಎದ್ದ ಕಿಡಿ ಹುಲ್ಲಿನ ಚಾವಣಿಗೆ ತಗುಲಿ 94 ಮಕ್ಕಳು ಬೆಂದುಹೋದರು. ಆ ಚಾವಣಿಯಾಗಲಿ ಇಕ್ಕಟ್ಟಿನ ಮೆಟ್ಟಿಲಾಗಲಿ ಅಡಗಿದ್ದ ಸಂಗತಿಗಳಲ್ಲ, ದಿನವೂ ಎಲ್ಲರ ಕಣ್ಣೆದುರಿಗೇ ಇದ್ದವು. ಈ ದುರಂತದ ಹಿನ್ನೆಲೆಯಲ್ಲಿ ಹೂಡಲಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲ್‌ನಲ್ಲಿ ತೀರ್ಪಿತ್ತು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಕವಾಗಿದೆ ಎಂದು ಸಾರಿತು.

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಅಸುನೀಗಿದರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಬೆರೆತಿತ್ತು. ಎಣ್ಣೆಯ ವಾಸನೆ ಸರಿಯಿಲ್ಲವೆಂದು ಅಡುಗೆಯಾಕೆಯೂ ಪಲ್ಯದ ರುಚಿ ಸರಿಯಿಲ್ಲವೆಂದು ಮಕ್ಕಳೂ ಹೇಳಿದ್ದರೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2016ರಲ್ಲಿ ನ್ಯಾಯಾಲಯವು ಶಾಲೆಯ ಮುಖ್ಯಶಿಕ್ಷಕಿಗೆ ಸೆರೆವಾಸ ವಿಧಿಸಿತು.

ಮಕ್ಕಳು ಊಟದ ತಟ್ಟೆಯೆದುರು ಆಡಿದ ಆ ಮಾತು ಕೂಡ ಒಂದು ದೂರೇ. ಅದಕ್ಕೆ ಅರ್ಜಿಯ ರೂಪವಿರಲಿಲ್ಲ, ಸಹಿಯಿರಲಿಲ್ಲ, ಮೊಹರಿರಲಿಲ್ಲ. ದೂರನ್ನು ಕಿರಿಕಿರಿ ಎಂದು ಎಣಿಸುವ ಶಾಲೆಯಲ್ಲಿ ಇಂಥ ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಿ ದಾಖಲಿಸಬೇಕೆಂಬ ನಿಯಮ ಇಂದು ಇದೆ. ಆ ಪುಸ್ತಕದಲ್ಲಿ ತಿಂಗಳಿಗೊಮ್ಮೆ ಒಟ್ಟಿಗೆ ಸಹಿ ಬೀಳುತ್ತಿದೆಯೋ ದಿನವೂ ಬೀಳುತ್ತಿದೆಯೋ ಎಂದು ನೋಡುವ ಹೊಣೆ ಹೆತ್ತವರಾದ ನಮ್ಮದೂ ಹೌದು.

ಗೊಣಗಾಟ ಬೇರೆ, ದೂರು ಬೇರೆ

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಶಾಲೆಗಳ ಬಗ್ಗೆ ನಡೆಯುವ ಮಾತುಕತೆಗೆ ಕೊರತೆಯಿಲ್ಲ. ಆ ಶಾಲೆಯಲ್ಲಿ ಊಟ ಚೆನ್ನಾಗಿಲ್ಲವಂತೆ, ಈ ಶಾಲೆಯಲ್ಲಿ ವಿದ್ಯಾರ್ಥಿವೇತನ ನುಂಗಿದರಂತೆ ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬುತ್ತದೆ. ಇದರಿಂದ ಮಗುವಿಗೆ ಒಂದು ತುತ್ತೂ ಹೆಚ್ಚು ಸಿಗುವುದಿಲ್ಲ. ನಿರಪರಾಧಿಯಾದ ಶಿಕ್ಷಕರ ಹೆಸರು ಮಾತ್ರ ಕೆಡುತ್ತದೆ. ಗೊಣಗಾಟಕ್ಕೆ ಯಾರೂ ಹೊಣೆಯಲ್ಲ. ದೂರಿಗಾದರೋ ಕೊಟ್ಟವರು ಹೊಣೆ, ಸ್ವೀಕರಿಸಿದವರೂ ಹೊಣೆ.

ಸಂತ ಮತ್ತಾಯರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಇದಕ್ಕೊಂದು ಕ್ರಮ ತೋರಿದ್ದಾರೆ. ಮೊದಲು ತಪ್ಪು ಮಾಡಿದವನೊಡನೆ ನೇರವಾಗಿ ಮಾತಾಡಬೇಕು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ ಹೋಗಬೇಕು, ಅದಕ್ಕೂ ಬಗ್ಗದಿದ್ದರೆ ಸಭೆಗೆ ತಿಳಿಸಬೇಕು. ಇಂದಿನ ಆಡಳಿತದ ಮೆಟ್ಟಿಲುಗಳೂ ಬಹುಮಟ್ಟಿಗೆ ಹೀಗೆಯೇ ಇವೆ. ಮೊದಲು ತರಗತಿಯ ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರು. ಆ ಬಳಿಕ ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅನುದಾನಿತ ಶಾಲೆಯಾದರೆ ಸಂಚಾಲಕರು ಮತ್ತು ಆಡಳಿತ ಮಂಡಳಿ. ಅಲ್ಲಿಯೂ ಪರಿಹಾರ ದೊರೆಯದಿದ್ದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ, ಅನಂತರ ಜಿಲ್ಲೆಯ ಉಪನಿರ್ದೇಶಕರು. ಬಿಸಿಯೂಟದ ವಿಷಯವಾದರೆ ತಾಲ್ಲೂಕು ಪಂಚಾಯಿತಿಯಲ್ಲಿ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿದ್ದಾರೆ.

ಬರೆಯುವ ವಿಧಾನದ ಬಗ್ಗೆ ಎರಡು ಮಾತು. "ಶಾಲೆಯಲ್ಲಿ ಊಟ ಸರಿಯಾಗಿ ಕೊಡುತ್ತಿಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ" ಎಂದು ಬರೆದರೆ ಅಧಿಕಾರಿಯ ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. "ಈ ತಿಂಗಳ 4, 5 ಮತ್ತು 6ನೇ ತಾರೀಕುಗಳಂದು ಆರನೇ ತರಗತಿಯ ಮಕ್ಕಳಿಗೆ ಅನ್ನ ಮಾತ್ರ ಬಡಿಸಲಾಯಿತು, ಸಾಂಬಾರು ಇರಲಿಲ್ಲ. 7ರಂದು ಮುಖ್ಯೋಪಾಧ್ಯಾಯರಿಗೆ ಬಾಯಿಮಾತಿನಲ್ಲಿ ತಿಳಿಸಿದೆವು. 11ರವರೆಗೂ ಸರಿಹೋಗಿಲ್ಲ. ತೊಗರಿಬೇಳೆಯ ದಾಸ್ತಾನು ಪುಸ್ತಕವನ್ನು ಪರಿಶೀಲಿಸಿ ನಮಗೆ ಲಿಖಿತ ಉತ್ತರ ನೀಡಬೇಕು" ಎಂದು ಬರೆದರೆ ಅದನ್ನು ತಳ್ಳಿಹಾಕುವುದು ಕಷ್ಟ. ನಡೆದದ್ದೇನು, ಯಾವಾಗ, ಕಣ್ಣಾರೆ ಕಂಡವರು ಯಾರು, ಈಗಾಗಲೇ ಯಾರಿಗೆ ತಿಳಿಸಲಾಗಿದೆ, ಬೇಕಾದ ಪರಿಹಾರವೇನು, ಈ ಐದು ಸಂಗತಿಗಳಿದ್ದರೆ ಒಂದು ಪುಟವೇ ಸಾಕು. ಕೇಳಿದ್ದನ್ನು ಕೇಳಿದ್ದೆಂದೂ ಕಂಡದ್ದನ್ನು ಕಂಡದ್ದೆಂದೂ ಬೇರೆ ಬೇರೆಯಾಗಿ ಬರೆಯಬೇಕು. ಕಚೇರಿಯಲ್ಲಿ ಪತ್ರ ಕೊಟ್ಟಾಗ ನಮ್ಮ ಪ್ರತಿಯ ಮೇಲೆ ಮೊಹರು, ತಾರೀಕು ಮತ್ತು ಸ್ವೀಕೃತಿಯ ಸಹಿ ಪಡೆಯಬೇಕು. ಸ್ವೀಕೃತಿ ಕೊಡಲು ನಿರಾಕರಿಸಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಬೇಕು. ಸಹಿಯಿಲ್ಲದ ಮೂಕರ್ಜಿ ಕಸದ ಬುಟ್ಟಿಗೆ ಹೋಗುವ ಸಂಭವವೇ ಹೆಚ್ಚು.

ಕಾನೂನು ಕೊಟ್ಟ ಗಡುವುಗಳು

ದೂರು ಕೊಟ್ಟು ವರ್ಷಗಟ್ಟಲೆ ಕಾಯಬೇಕೆಂಬ ಹತಾಶೆ ಅನೇಕರಲ್ಲಿದೆ. ಕಾನೂನು ಕೆಲವು ಗಡುವುಗಳನ್ನು ಹಾಕಿದೆಯೆಂಬುದು ತಿಳಿದಿದ್ದರೆ ಕಾಯುವುದಕ್ಕೂ ಒಂದು ಲೆಕ್ಕವಿರುತ್ತದೆ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ, 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಪ್ರಕರಣದಂತೆ ಮಗುವಿನ ಹಕ್ಕಿನ ಬಗ್ಗೆ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಹೆತ್ತವರೇ ಆಗಬೇಕೆಂದಿಲ್ಲ. ಪ್ರಾಧಿಕಾರವು ಎರಡೂ ಕಡೆಯವರಿಗೆ ಹೇಳಿಕೊಳ್ಳಲು ಅವಕಾಶ ನೀಡಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ಈ ಕಾಯ್ದೆಯ 17ನೇ ಪ್ರಕರಣವೂ, ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು 28ನೇ ಪ್ರಕರಣವೂ ನಿಷೇಧಿಸಿವೆ.

ಬಿಸಿಯೂಟಕ್ಕೆ ಸಂಬಂಧಿಸಿ 2015ರ ನಿಯಮಗಳಿವೆ. ಧಾನ್ಯ, ಹಣ, ಇಂಧನ ಅಥವಾ ಅಡುಗೆಯವರ ಕೊರತೆಯಿಂದ ಯಾವುದೇ ಶಾಲಾ ದಿನ ಊಟ ತಪ್ಪಿದರೆ ಮಗುವಿಗೆ ಮುಂದಿನ ತಿಂಗಳ 15ರೊಳಗೆ ಆಹಾರ ಭದ್ರತಾ ಭತ್ಯೆ ಸಲ್ಲಬೇಕು. ಸತತ ಮೂರು ಶಾಲಾ ದಿನ ಅಥವಾ ಒಂದು ತಿಂಗಳಲ್ಲಿ ಐದು ದಿನ ಊಟ ತಪ್ಪಿದರೆ ಹೊಣೆಗಾರರು ಯಾರೆಂದು ರಾಜ್ಯ ಸರ್ಕಾರ ನಿಗದಿಪಡಿಸಬೇಕು. ಆದ್ದರಿಂದಲೇ ತಾರೀಕುಗಳನ್ನು ಬರೆದಿಡುವುದು ಮುಖ್ಯ. ಆಹಾರ ಭದ್ರತಾ ಕಾಯ್ದೆಯು ಜಿಲ್ಲೆಗೊಬ್ಬ ಕುಂದುಕೊರತೆ ಪರಿಹಾರ ಅಧಿಕಾರಿ ಮತ್ತು ಮೇಲ್ಮಟ್ಟದಲ್ಲಿ ರಾಜ್ಯ ಆಹಾರ ಆಯೋಗವನ್ನು ವಿಧಿಸಿದೆ.

ದೂರಿಗೆ ಆಧಾರ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಉತ್ತರ ಬಾರದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದರ ಬಳಿಕ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ತಕ್ಕ ಕಾರಣವಿಲ್ಲದೆ ವಿಳಂಬ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಬೀಳಬಹುದು. ಸಂತ ಲೂಕರ ಶುಭಸಂದೇಶದ ವಿಧವೆ ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋದಳು. ನಮ್ಮ ಕಾಲದ ವಿಧವೆಯ ಕೈಯಲ್ಲಿ ತಾರೀಕು ಬಿದ್ದ ಒಂದು ರಸೀದಿಯಾದರೂ ಇರಲಿ.

ಅಲ್ಪಸಂಖ್ಯಾತರ ಹಕ್ಕು ಗುರಾಣಿಯಲ್ಲ

ಈಗ ಮೇಜಿನ ಇನ್ನೊಂದು ಬದಿಗೆ ಬರೋಣ. ನಮ್ಮ ಧರ್ಮಕೇಂದ್ರಗಳೂ ಧರ್ಮಭಗಿನಿಯರ ಸಭೆಗಳೂ ನಡೆಸುವ ಶಾಲೆಗಳಿಗೆ ಸಂವಿಧಾನದ 30ನೇ ವಿಧಿಯ ರಕ್ಷಣೆಯಿದೆ. ಅದು ನಮ್ಮ ಹಿರಿಯರು ಹೋರಾಡಿ ಉಳಿಸಿಕೊಂಡ ಹಕ್ಕು. ಕೇರಳದ 1957ರ ಶಿಕ್ಷಣ ಮಸೂದೆಯನ್ನು ಅಲ್ಲಿನ ಕಥೋಲಿಕರು ಬಲವಾಗಿ ವಿರೋಧಿಸಿದಾಗ ವಿಷಯವು ರಾಷ್ಟ್ರಪತಿಗಳ ಮೂಲಕ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1958ರಲ್ಲಿ ನ್ಯಾಯಾಲಯವು ಅಲ್ಪಸಂಖ್ಯಾತರ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಅದೇ ಅಭಿಪ್ರಾಯದಲ್ಲಿ, ಆಡಳಿತ ನಡೆಸುವ ಹಕ್ಕಿನೊಳಗೆ ದುರಾಡಳಿತ ನಡೆಸುವ ಹಕ್ಕು ಸೇರಿಲ್ಲವೆಂದೂ ಹೇಳಿತು. 1974ರಲ್ಲಿ ಯೇಸುಸಭೆಯವರ ಅಹಮದಾಬಾದಿನ ಸಂತ ಜೇವಿಯರ್ ಕಾಲೇಜಿನ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವೂ, 2002ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವೂ, ಈ ಹಕ್ಕು ನಿಯಂತ್ರಣಕ್ಕೆ ಹೊರತಾದುದಲ್ಲವೆಂಬ ನಿಲುವನ್ನೇ ತಳೆದವು.

ಶಿಕ್ಷಣ ಹಕ್ಕು ಕಾಯ್ದೆಯು ಅಲ್ಪಸಂಖ್ಯಾತ ಶಾಲೆಗಳಿಗೆ, ಅನುದಾನಿತವಾಗಿರಲಿ ಅನುದಾನರಹಿತವಾಗಿರಲಿ, ಅನ್ವಯಿಸುವುದಿಲ್ಲವೆಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ತೀರ್ಪಿತ್ತಿತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಾಧೀಶರ ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ಹಿರಿಯ ಪೀಠದ ಪರಿಶೀಲನೆಗೆ ಒಪ್ಪಿಸಿತು. ಈ ವಾದ ಎತ್ತ ಹೋದರೂ ಕೆಲವು ಹೊಣೆಗಳಿಂದ ನಮ್ಮ ಅನುದಾನಿತ ಶಾಲೆಗಳಿಗೆ ಬಿಡುಗಡೆಯಿಲ್ಲ. ಸಂವಿಧಾನದ 28ನೇ ವಿಧಿಯಂತೆ ಹೆತ್ತವರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆ ಮಾಡಲಾಗದು. 29ನೇ ವಿಧಿಯಂತೆ ಧರ್ಮ ಅಥವಾ ಜಾತಿಯ ಕಾರಣದಿಂದಲೇ ಪ್ರವೇಶ ನಿರಾಕರಿಸಲಾಗದು. ಬಿಸಿಯೂಟದ ಕಾನೂನು ಅನುದಾನಿತ ಶಾಲೆಗೂ ಸಲ್ಲುತ್ತದೆ. ಸರ್ಕಾರದಿಂದ ಗಣನೀಯ ಪ್ರಮಾಣದಲ್ಲಿ ಹಣ ಪಡೆಯುವ ಶಾಲಾ ಕಾಲೇಜುಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತವೆಂದು 2019ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ.

ಕಾನೂನಿನ ಮಾತು ಹಾಗಿರಲಿ. ನಮ್ಮ ಶಾಲೆಗಳ ಬೆಂಚುಗಳಲ್ಲಿ ಕುಳಿತಿರುವ ಮಕ್ಕಳಲ್ಲಿ ಅನ್ಯಧರ್ಮೀಯರು ಬಹಳ. ತಮ್ಮ ಮಕ್ಕಳನ್ನು ನಂಬಿ ಒಪ್ಪಿಸಿದ ಆ ಹೆತ್ತವರು ದೂರು ತಂದಾಗ, ಇದು ನಮ್ಮ ಸಂಸ್ಥೆಯ ಮೇಲಿನ ದ್ವೇಷದಿಂದ ಬಂದುದೆಂದು ಮೊದಲೇ ತೀರ್ಮಾನಿಸಿಬಿಡುವುದು ಅವಸರದ ಮಾತಾಗುತ್ತದೆ. ದ್ವೇಷದಿಂದ ಬಂದ ದೂರುಗಳೂ ಇಲ್ಲದಿಲ್ಲ. ಎರಡನ್ನೂ ಬೇರ್ಪಡಿಸುವ ಉಪಾಯ ಒಂದೇ, ಕ್ರಮಬದ್ಧವಾದ ವಿಚಾರಣೆ. ಸುಳ್ಳು ದೂರು ವಿಚಾರಣೆಯಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ. ವಿಚಾರಣೆಯಿಲ್ಲದೆ ತಳ್ಳಿದ ದೂರು ಮಾತ್ರ ಬೀದಿಗೆ ಬರುತ್ತದೆ.

ದೂರು ಬಂದಾಗ

ನಮ್ಮ ಸಂಚಾಲಕರ ಮುಂದೆ ನಾವು ವಿನಯದಿಂದ ಕೆಲವು ಮಾತುಗಳನ್ನಿಡುತ್ತೇವೆ. ಶಾಲೆಯಲ್ಲಿ ದೂರಿನ ದಾಖಲೆ ಪುಸ್ತಕವೊಂದು ಇರಲಿ. ಬಂದ ಪ್ರತಿ ಪತ್ರಕ್ಕೂ ಸಂಖ್ಯೆ, ತಾರೀಕು, ಸ್ವೀಕೃತಿ ಇರಲಿ. ಯಾರ ಮೇಲೆ ದೂರು ಬಂದಿದೆಯೋ ಅವರೇ ವಿಚಾರಣೆ ನಡೆಸುವಂತಾಗದಿರಲಿ. ಮುಖ್ಯೋಪಾಧ್ಯಾಯರ ಮೇಲಿನ ದೂರನ್ನು ಮುಖ್ಯೋಪಾಧ್ಯಾಯರಿಗೇ ಒಪ್ಪಿಸಿದರೆ ಅದು ಬೇಲಿಗೆ ಹೊಲ ಕಾಯಲು ಹೇಳಿ ಕಣ್ಣು ಮುಚ್ಚಿದಂತೆ. ದೂರಿಗೆ ಒಳಗಾದ ಶಿಕ್ಷಕರಿಗೂ ದೂರಿನ ಪ್ರತಿ ಸಿಗಲಿ, ಉತ್ತರಿಸಲು ಕಾಲಾವಕಾಶ ದೊರೆಯಲಿ. ಅವರ ಜೀವನೋಪಾಯ ಮತ್ತು ಮಾನ ಎರಡೂ ಅದರಲ್ಲಿ ಅಡಗಿವೆ. ಕೊನೆಗೆ ತೀರ್ಮಾನವನ್ನೂ ಅದರ ಕಾರಣವನ್ನೂ ಲಿಖಿತವಾಗಿ ದೂರುದಾರರಿಗೆ ತಿಳಿಸಲಿ. ದೂರಿನಲ್ಲಿ ಹುರುಳಿಲ್ಲವೆಂದಾದರೆ ಅದನ್ನೂ ಬರೆದೇ ತಿಳಿಸಲಿ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಹೆತ್ತವರನ್ನು ಮೌನವಾಗಿಸುವುದು ಕಾನೂನಿನ ಅಜ್ಞಾನಕ್ಕಿಂತ ಹೆಚ್ಚಾಗಿ ಒಂದು ಭಯ. ತಾವು ಬಾಯಿ ತೆರೆದರೆ ಮಗುವಿನ ಅಂಕಕ್ಕೆ ಕತ್ತರಿ ಬೀಳಬಹುದು, ವಾರ್ಷಿಕೋತ್ಸವದ ವೇದಿಕೆಯಿಂದ ಅದರ ಹೆಸರು ಬಿಟ್ಟುಹೋಗಬಹುದು, ತರಗತಿಯಲ್ಲಿ ನಾಲ್ವರ ಮುಂದೆ ಅದು ಮೂದಲಿಕೆಗೆ ಗುರಿಯಾಗಬಹುದು ಎಂಬ ಭಯ. ಹೆತ್ತವರ ದೂರಿಗೆ ಮಗುವಿನ ಮೇಲೆ ಸೇಡು ತೀರಿಸಿಕೊಳ್ಳುವ ಶಾಲೆಯ ಗೋಡೆಯ ಮೇಲೆ ಶಿಲುಬೆ ತೂಗಿದರೆ ಅದಕ್ಕೆ ಅರ್ಥವಿಲ್ಲ. ದೂರು ಕೊಟ್ಟ ಕುಟುಂಬದ ಮಗುವನ್ನು ಮೊದಲಿನ ಪ್ರೀತಿಯಿಂದಲೇ ಕಾಣಲಾಗುವುದೆಂಬ ಮಾತನ್ನು ವರ್ಷಾರಂಭದ ಪೋಷಕರ ಸಭೆಯಲ್ಲಿ ಸಂಚಾಲಕರೇ ಎದ್ದು ನಿಂತು ಹೇಳಿದರೆ ಅರ್ಧ ಕೆಲಸ ಆದಂತೆಯೇ.

ಶಾಲೆಯೊಳಗೆ ಮುಗಿಸಬಾರದ ದೂರು

ಒಂದು ಬಗೆಯ ದೂರಿಗೆ ಮಾತ್ರ ಮೇಲಿನ ಮೆಟ್ಟಿಲುಗಳು ಸಲ್ಲವು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂಬ ಮಾಹಿತಿ ಬಂದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಪ್ರಕರಣದಂತೆ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಅಧೀನದ ನೌಕರನ ಮೇಲಿನ ಇಂಥ ಸಂಗತಿಯನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಇಲ್ಲಿ ಆಂತರಿಕ ಸಂಧಾನಕ್ಕೆ, ಎರಡು ಕುಟುಂಬಗಳ ರಾಜಿಗೆ, ಸಂಸ್ಥೆಯ ಮರ್ಯಾದೆಯ ಮಾತಿಗೆ ಎಡೆಯಿಲ್ಲ. ಮಗುವಿನ ಗುರುತನ್ನು ಬಹಿರಂಗಪಡಿಸುವಂತೆಯೂ ಇಲ್ಲ. ಮಕ್ಕಳ ಸಹಾಯವಾಣಿ 1098ನ್ನು ಪ್ರತಿ ಮಗುವೂ ಬಾಯಿಪಾಠ ಮಾಡಿರಬೇಕು.

ಪೋಪ್ ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿ 2023ರಲ್ಲಿ ಶಾಶ್ವತಗೊಳಿಸಿದ ಆಜ್ಞಾಪತ್ರವು ಗುರುಗಳೂ ಧಾರ್ಮಿಕ ಸಭೆಗಳ ಸದಸ್ಯರೂ ಇಂಥ ಸಂಗತಿಗಳನ್ನು ತಡಮಾಡದೆ ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಬೇಕೆಂದು ವಿಧಿಸಿದೆ. ವರದಿ ಮಾಡಿದವರ ಮೇಲೆ ಹಗೆ ಸಾಧಿಸಬಾರದೆಂದೂ, ನಾಡಿನ ಕಾನೂನಿನ ಹೊಣೆಗಳು ಇದರಿಂದ ಕಡಿಮೆಯಾಗವೆಂದೂ ಅದರಲ್ಲಿದೆ. ಧರ್ಮಸಭೆಯ ಪ್ರೀತಿಯೂ ಈ ಮಣ್ಣಿನ ಕಾನೂನೂ ಇಲ್ಲಿ ಒಂದೇ ದಾರಿಯನ್ನು ತೋರುತ್ತವೆ.

ಎಂಟನೇ ಆಜ್ಞೆ ಎರಡೂ ಕಡೆಗೆ

ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೇ ಆಜ್ಞೆ ದೂರುದಾರರಿಗೂ ಅನ್ವಯಿಸುತ್ತದೆ. ಜಾಗದ ತಗಾದೆ, ಸಂಘದ ಚುನಾವಣೆ, ನೆರೆಮನೆಯ ಮುನಿಸು, ಇವುಗಳನ್ನು ಶಾಲೆಯ ದೂರಿನ ವೇಷ ತೊಡಿಸಿ ಅಧಿಕಾರಿಗಳ ಬಳಿಗೆ ಒಯ್ದರೆ ಅದು ಪಾಪವೇ ಸರಿ. ಹಾಗೆಯೇ, ನಮಗೆ ಸಲ್ಲದ ಸವಲತ್ತನ್ನು ಸುಳ್ಳು ಆದಾಯ ಪತ್ರ ತೋರಿಸಿ ಪಡೆಯುವುದೂ ಬಡ ಮಗುವಿನ ತಟ್ಟೆಗೆ ಕೈಹಾಕಿದಂತೆಯೇ.

ಸಲ್ಲಬೇಕಾದವರ ಹೆಸರಿನಲ್ಲಿ ಬೇರೆಯವರ ಕೈಸೇರಿದ ಹಣದ ಕಥೆ ಈ ದೇಶದಲ್ಲಿ ಹೊಸದೇನಲ್ಲ. 2008ರಲ್ಲಿ ಆರಂಭವಾದ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರ್ಕಾರವು 2022-23ರಿಂದ ಒಂಬತ್ತು ಮತ್ತು ಹತ್ತನೇ ತರಗತಿಗಳಿಗೆ ಸೀಮಿತಗೊಳಿಸಿತು. ಮರುವರ್ಷವೇ, ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಪಡೆಯುತ್ತಿದ್ದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯವೆಂದು ಕಂಡುಬಂದವು. 144 ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆಯೆಂದು ಸಚಿವಾಲಯವು ಸಿ.ಬಿ.ಐ.ಗೆ ದೂರಿತು. ಯಾವುದೋ ಊರಿನ ಕಾಗದದ ಶಾಲೆ ಆ ಹಣವನ್ನು ಎತ್ತುತ್ತಿದ್ದಾಗ, ನಮ್ಮೂರಿನ ಮಗುವಿನ ಅರ್ಜಿ ಹೆಸರಿನ ಒಂದಕ್ಷರದ ವ್ಯತ್ಯಾಸಕ್ಕೆ ತಿರಸ್ಕೃತವಾಗಿದ್ದರೆ ಅಚ್ಚರಿಯಿಲ್ಲ. ಡಿಸೋಜ, ಡಿಸಿಲ್ವ, ಡಿಕುನ್ಹ ಎಂಬ ನಮ್ಮ ಮನೆತನದ ಹೆಸರುಗಳು ದೀಕ್ಷಾಸ್ನಾನದ ಪತ್ರದಲ್ಲಿ ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ, ಆಧಾರ್‌ನಲ್ಲಿ ಮತ್ತೊಂದು ರೀತಿ ಇದ್ದರೆ ಅದನ್ನು ಪ್ರವೇಶದ ವರ್ಷವೇ ಸರಿಪಡಿಸಿಕೊಳ್ಳುವುದು ಲೇಸು. ಮುನ್ನೆಚ್ಚರಿಕೆಯಿಂದ ತಪ್ಪುವ ದೂರುಗಳೂ ಇವೆ.

ಧರ್ಮಕೇಂದ್ರ ಮಾಡಬಹುದಾದುದು

ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆಯಲಾಗದ ಕುಟುಂಬಗಳು ನಮ್ಮ ವಾಳೆಗಳಲ್ಲಿವೆ. ಅವರ ಪರವಾಗಿ ಅರ್ಜಿ ಬರೆದುಕೊಡಬಲ್ಲ ನಿವೃತ್ತ ಶಿಕ್ಷಕರೂ ಗುಮಾಸ್ತರೂ ಅದೇ ವಾಳೆಗಳಲ್ಲಿದ್ದಾರೆ. ಧರ್ಮಕೇಂದ್ರದ ಪಾಲನಾ ಸಮಿತಿಯು ಇಂಥ ಇಬ್ಬರು ಮೂವರನ್ನು ಗುರುತಿಸಿ, ತಿಂಗಳಿಗೊಂದು ಭಾನುವಾರ ಬಲಿಪೂಜೆಯ ಬಳಿಕ ಒಂದು ಗಂಟೆ ಕೂರುವಂತೆ ಮಾಡಿದರೆ ಹಣದ ಖರ್ಚಿಲ್ಲದ ದೊಡ್ಡ ಸೇವೆಯಾಗುತ್ತದೆ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ನಮ್ಮ ಮಕ್ಕಳು ಹೋಗಿ ಮಾತನಾಡುವಂತೆ ಹುರಿದುಂಬಿಸಬಹುದು. ಈ ನೆರವು ಕಥೋಲಿಕ ಕುಟುಂಬಗಳಿಗಷ್ಟೇ ಸೀಮಿತವಾಗಬೇಕಿಲ್ಲ, ಹಸಿದ ಮಗುವಿನ ತಟ್ಟೆಗೆ ಜಾತಿಮತಗಳಿಲ್ಲ.

ಜೆರುಸಲೇಮಿನ ಆ ದೂರು ಬಗೆಹರಿದ ಬಳಿಕ ದೇವರ ವಾಕ್ಯ ಇನ್ನಷ್ಟು ಹರಡಿತು, ಶಿಷ್ಯರ ಸಂಖ್ಯೆ ಇನ್ನಷ್ಟು ಬೆಳೆಯಿತು ಎಂದು ಸಂತ ಲೂಕರು ಅಲ್ಲಿಯೇ ದಾಖಲಿಸಿದ್ದಾರೆ. ದೂರು ಕೇಳಿದ್ದರಿಂದ ಧರ್ಮಸಭೆಗೆ ಕುಂದು ಬರಲಿಲ್ಲ. ನಮ್ಮ ಶಾಲೆಗಳಿಗೂ ಬಾರದು. ಈ ಶೈಕ್ಷಣಿಕ ವರ್ಷದಲ್ಲಿ ನಮ್ಮ ಪ್ರತಿಯೊಂದು ಶಾಲೆಯ ಕಚೇರಿಯಲ್ಲಿ ದೂರಿನ ಪುಸ್ತಕವೊಂದು ತೆರೆದಿರಲಿ, ಅದರಲ್ಲಿ ಬರೆಯಲು ಯಾವ ತಾಯಿಯ ಕೈಯೂ ನಡುಗದಿರಲಿ.